ಇಪ್ಪತ್ತೈದನೇ ಪದ: ಮೂರು ಸಲ ಎಡವಿದ ಮೇಲೆ

"ಇಪ್ಪತ್ನಾಲ್ಕು ಪದ ಸಾಲದು ಅಂತ ಮೇಲೊಂದು ಪಾಸ್‌ಫ್ರೇಸ್ ಬೇರೆ! ಕಳ್ಳ ಬೇಡ ಬಿಡಣ್ಣ, ನಿನ್ನ ದುಡ್ಡು ನೀನೇ ಕಳ್ಕೋತೀಯ" ಅಂತ ಕೋಲಾರದ ಗೆಳೆಯರು ನಕ್ಕಿದ್ದರು. ಮಾತು ನನ್ನ ಕ್ರಿಪ್ಟೋ ವಾಲೆಟ್‌ನದು: ಇಪ್ಪತ್ನಾಲ್ಕು ಸೀಡ್ ಪದಗಳೇ ಅದರ ಬೀಗದ ಕೈ, ಅದರ ಮೇಲೆ ನಾವೇ ಸೇರಿಸುವ ಗುಟ್ಟಿನ ಮಾತು ಪಾಸ್‌ಫ್ರೇಸ್, ಅದೇ ಇಪ್ಪತ್ತೈದನೇ ಪದ. ಎರಡು ವರ್ಷವಾಯಿತು, ಒಂದು ರೂಪಾಯಿ ಹೋಗಿಲ್ಲ.

ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸೀಡ್ ಪದಗಳನ್ನು ಲೆಟರ್ ಪಂಚ್‌ನಲ್ಲಿ ತಗಡಿನ ಮೇಲೆ ಕುಟ್ಟಿ ಅಲ್ಲೇ ಇಟ್ಟಿದ್ದೆ. ಪದಕ್ಕೆ ಮೊದಲ ನಾಲ್ಕು ಅಕ್ಷರ ಕುಟ್ಟಿದರೆ ಸಾಕು, ಅರ್ಧ ದಿನದ ಕೆಲಸ. ಆದರೆ ಅಂಗಡಿಗೆ ಹತ್ತು ಜನ ಬಂದು ಹೋಗುತ್ತಾರೆ. ತಗಡು ಸಿಕ್ಕಿದವನಿಗೆ ಗಂಟೇ ಸಿಕ್ಕಂತೆ. ಅದಕ್ಕೇ ಪಾಸ್‌ಫ್ರೇಸ್.

ಮೊದಲು ಫೋನ್ ವಾಲೆಟ್‌ನಲ್ಲಿ ಪಾಸ್‌ಫ್ರೇಸ್ ಇಟ್ಟು ಸುಮಾರು ಎರಡು ಸಾವಿರ ರೂಪಾಯಿ ಹಾಕಿ ನೋಡಿದೆ. ಅಳಿಸಿ ಮತ್ತೆ ತೆರೆದರೆ ಸೊನ್ನೆ! 'ತಪ್ಪು' ಅಂತ ಅದು ಹೇಳುವುದೇ ಇಲ್ಲ, ಏನು ಹೊಡೆದರೂ ಒಂದು ಖಾಲಿ ವಾಲೆಟ್ ತೆರೆದು ಕೂರುತ್ತದೆ. ಮೂರು ರಾತ್ರಿ ನಿದ್ದೆಯಿಲ್ಲ. ಕೊನೆಗೆ ನೋಡಿದರೆ, ಕೀಬೋರ್ಡ್ ತೋರಿಸಿದ ಪದವನ್ನು ಒತ್ತಿದಾಗ ಅದು ಬಾಲಕ್ಕೊಂದು ಸ್ಪೇಸ್ ಅಂಟಿಸಿತ್ತು.

ಆಮೇಲೆ ಪಾಸ್‌ಫ್ರೇಸನ್ನು ಕನ್ನಡ ಲಿಪಿಯಲ್ಲೇ ಇಟ್ಟೆ. ಫೋನ್ ಒಪ್ಪಿತು, ಆದರೆ ನನ್ನ ಹಾರ್ಡ್‌ವೇರ್ ವಾಲೆಟ್‌ನಲ್ಲಿ (ವಾಲೆಟ್‌ನ ಕೀಲಿ ಇಟ್ಟುಕೊಳ್ಳುವ ಪುಟ್ಟ ಡಿವೈಸ್) ಕನ್ನಡ ಹೊಡೆಯೋಕೆ ದಾರಿಯೇ ಇಲ್ಲ. ಸರಿ, ನಮ್ಮಜ್ಜಿ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ವಾರ ಕಳೆದ ಮೇಲೆ ದೀರ್ಘಕ್ಕೆ ಒಂದು 'a' ಹಾಕಿದ್ದೆನೋ ಎರಡೋ ಮರೆತೇಹೋಯಿತು. ಎಂಟು ಹತ್ತು ಸಲ ಹೊಡೆದ ಮೇಲೆ ಸಿಕ್ಕಿತು. ಈಗಿನದನ್ನು ಹೇಗೆ ಕಟ್ಟಿದ್ದೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎಲ್ಲ ಸಣ್ಣಕ್ಷರ, ನಡುವೆ ಜಾಗವಿಲ್ಲ, ದೀರ್ಘವಿರುವ ಪದವೇ ಇಲ್ಲ. ಇಷ್ಟು ಹೇಳಬಲ್ಲೆ.

ಪಾಸ್‌ಫ್ರೇಸ್ ಹಾಕಿದ ಮಾತ್ರಕ್ಕೆ ಹಳೇ ದುಡ್ಡಿಗೆ ಬೀಗ ಬೀಳುವುದಿಲ್ಲ, ಅದು ಹಳೇ ವಾಲೆಟ್‌ನಲ್ಲೇ ಇರುತ್ತದೆ. ನಾವೇ ಹೊಸದಕ್ಕೆ ಕಳಿಸಬೇಕು. ಎರಡು ಕಂತಿನಲ್ಲಿ ಕಳಿಸಿ ಶುಲ್ಕಕ್ಕೇ ಸಾವಿರದ ಹತ್ತಿರ ತೆತ್ತೆ. ಚೂರು ಕಳಿಸಿ, ಡಿವೈಸ್ ಪೂರ್ತಿ ಅಳಿಸಿ, ಪದ ಮತ್ತು ಪಾಸ್‌ಫ್ರೇಸ್‌ನಿಂದ ಮತ್ತೆ ತೆರೆದು, ಇದು ಅದೇ ವಾಲೆಟ್ಟಾ ಅಂತ ಹೇಳುವ ಎಂಟಕ್ಷರದ ಗುರುತು, ಫಿಂಗರ್‌ಪ್ರಿಂಟ್, ತಾಳೆ ನೋಡಿದೆ. ಹೀಗೆ ಮೂರು ಸಲ. ತಿಂಗಳು ಬಿಟ್ಟು ಇನ್ನೊಂದು ಸಲ. ಆಮೇಲೇ ಗಂಟು ಸಾಗಿಸಿದ್ದು. ಪಾಸ್‌ಫ್ರೇಸ್ ಇಲ್ಲದ ವಾಲೆಟ್‌ನಲ್ಲಿ ಒಂದೈದು ಸಾವಿರ ಬಿಟ್ಟಿದ್ದೇನೆ, ತಗಡು ಕದ್ದವನ ಕಾಫಿ ಖರ್ಚಿಗೆ. ಅದು ಖಾಲಿಯಾದ ದಿನ ತಗಡು ಯಾರದೋ ಕೈ ಸೇರಿದೆ ಅಂತ ನನಗೂ ಗೊತ್ತಾಗುತ್ತದೆ.

ನಡುವೆ ಒಂದು ತಮಾಷೆ. ಮಾಲೂರಿನ ಇಟ್ಟಿಗೆ ಗೂಡಲ್ಲಿ ಅಲ್ಯೂಮಿನಿಯಂ ತಗಡೊಂದು, ಸ್ಟೇನ್‌ಲೆಸ್ ಸ್ಟೀಲ್ ತಗಡೊಂದು ಇಡಿಸಿದ್ದೆ, ಎರಡರಲ್ಲೂ ಸುಳ್ಳು ಪದಗಳು. ಅಲ್ಯೂಮಿನಿಯಂ ಕರಗಿ ಉಂಡೆಯಾಗಿತ್ತು. ಸ್ಟೀಲು ಕಪ್ಪಾಗಿತ್ತು, ಉಜ್ಜಿದರೆ ಅಕ್ಷರ ಓದಬಹುದು. ಗೂಡಿನ ಮೇಸ್ತ್ರಿ ಇವತ್ತಿಗೂ ನನ್ನನ್ನು ವಿಚಿತ್ರವಾಗಿ ನೋಡುತ್ತಾನೆ.

ಪಾಸ್‌ಫ್ರೇಸ್ ಬರೆದ ಕವರ್ ಹೆಂಡತಿ ಹತ್ತಿರ, ತಗಡಿನಿಂದ ಬೇರೆ ಊರಲ್ಲಿ. ಹೋದ ಯುಗಾದಿಗೆ ಅವಳ ಕೈಗೆ ಡಿವೈಸ್ ಕೊಟ್ಟು ಟೀಗೆ ಹೋಗಿಬಂದೆ. ಅಷ್ಟರಲ್ಲಿ ತೆರೆದಿಟ್ಟು, "ಇಷ್ಟೇನಾ ರೀ ಇರೋದು?" ಅಂದಳು.