ಚಳಿ ಶುರುವಾದಾಗ ಬೆಳಗಿನ ಗಡಿಬಿಡಿ

ಶರತ್ಕಾಲದ ಬೆಳಗ್ಗೆ ಪುಟ್ಟ ಮಗುವನ್ನು ಹೊರಡಿಸಲು ತಡವಾಗುತ್ತದೋ ಇಲ್ಲವೋ ಎಂಬುದು ಹಿಂದಿನ ರಾತ್ರಿಯೇ ಬಹುಪಾಲು ತೀರ್ಮಾನವಾಗಿರುತ್ತದೆ. 3ರಿಂದ 5 ವರ್ಷದ ಮಕ್ಕಳಿಗೆ ಹಗಲಿನದೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದೇ ಸಲ ಒಂದು ಗಂಟೆ ಬೇಗ ಮಲಗಿಸಿದರೆ ಮಗು ಹಾಸಿಗೆಯಲ್ಲಿ ಹೊರಳಾಡುತ್ತದೆ, ಅಷ್ಟೇ. ಎರಡು-ಮೂರು ದಿನಕ್ಕೊಮ್ಮೆ 15 ನಿಮಿಷದಂತೆ ಮುಂಚೆ ಮಲಗಿಸುತ್ತಾ ಬನ್ನಿ. ಬಟ್ಟೆ, ಸಾಕ್ಸ್, ಬ್ಯಾಗು ರಾತ್ರಿಯೇ ಬಾಗಿಲ ಹತ್ತಿರ ಇರಲಿ.

ನಿಜವಾದ ಜಗಳ ಇರುವುದು ಜಾಕೆಟ್ಟಿನದು. ಅದನ್ನು ನೆಲದ ಮೇಲೆ ಹರಡಿ: ಒಳಭಾಗ ಮೇಲೆ, ಕಾಲರ್ ಮಗುವಿನ ಕಾಲ್ಬೆರಳ ಕಡೆಗೆ. ಮಗು ಬಗ್ಗಿ ಎರಡೂ ಕೈಗಳನ್ನು ತೋಳಿನೊಳಗೆ ತೂರಿಸಲಿ, ಆಮೇಲೆ ಕೈ ಮೇಲೆತ್ತಿ ಜಾಕೆಟ್ಟನ್ನು ತಲೆಯ ಮೇಲಿಂದ ಬೆನ್ನಿಗೆ ಹಾಕಿಕೊಳ್ಳಲಿ. ತಲೆಕೆಳಗಾಗಿ ಬಂದರೆ ಕಾಲರ್ ಆಚೆ ಬದಿಗಿತ್ತು ಎಂದರ್ಥ. ಜಿಪ್ಪಿನ ಬುಡ ನೀವು ಸೇರಿಸಿಕೊಡಿ, ಎಳೆಯುವ ಕೆಲಸ ಮಗುವಿಗೇ ಬಿಡಿ (ಅವಸರದಲ್ಲಿ ನಾವೇ ಎಳೆದುಬಿಡೋಣ ಎಂದು ಕೈ ತುರಿಸುತ್ತದೆ, ತಡೆದುಕೊಳ್ಳಿ).

ಕಾರಿನ ಚೈಲ್ಡ್ ಸೀಟಿನಲ್ಲಿ ಮಾತ್ರ ದಪ್ಪ ಜಾಕೆಟ್ ಬೇಡ. ಅಪಘಾತವಾದರೆ ಅದು ಅದುಮಿಕೊಂಡು, ಬಿಗಿ ಎನ್ನಿಸಿದ್ದ ಬೆಲ್ಟೇ ಸಡಿಲವಾಗುತ್ತದೆ. ತೆಳು ಬಟ್ಟೆಯ ಮೇಲೆ ಬೆಲ್ಟ್ ಬಿಗಿದು, ಜಾಕೆಟ್ಟನ್ನು ಮೇಲಿಂದ ಹೊದಿಸಿ.

ಬೂಟಿನ ಅಳತೆಯನ್ನು ದಪ್ಪ ಸಾಕ್ಸ್ ಹಾಕಿಸಿಯೇ ನೋಡಿ. ಬೆರಳ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು.