ಬಾಲ್ಸಾ ಮರದ ಟೈಗರ್ ಮಾತ್: ಎರಡು ರೆಕ್ಕೆ ಕೂಡಿಸುವ ಬಗೆ

ರೇಡಿಯೋ ನಿಯಂತ್ರಿತ ಜೋಡಿರೆಕ್ಕೆಯ ವಿಮಾನ ಕಟ್ಟುವವರಿಗೆ ನಾನು ಸೂಚಿಸುವುದು ಟೈಗರ್ ಮಾತ್ ಮಾದರಿಯನ್ನೇ. 1931ರಲ್ಲಿ ಮೊದಲು ಹಾರಿದ ಈ ಬ್ರಿಟಿಷ್ ತರಬೇತಿ ವಿಮಾನಕ್ಕೆ ಐಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯಂಚಿನ ಚಲಿಸುವ ಪಟ್ಟಿ) ಇರುವುದು ಕೆಳರೆಕ್ಕೆಯಲ್ಲಿ ಮಾತ್ರ. ಮೇಲಿನ ರೆಕ್ಕೆಗೆ ಸರ್ವೋ (ಆ ಪಟ್ಟಿಯನ್ನು ಅಲ್ಲಾಡಿಸುವ ಪುಟ್ಟ ಮೋಟಾರು), ತಂತಿಗಳ ಭಾರವಿಲ್ಲ.

ನಕ್ಷೆಯನ್ನು ಸಮತಟ್ಟಾದ ಹಲಗೆಗೆ ಅಂಟಿಸಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ. ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿಗಳಾದ, ಒಂದೇ ಅಳತೆಯ ರಿಬ್‌ಗಳನ್ನೆಲ್ಲ ಒಟ್ಟಿಗೆ ಪಿನ್ ಚುಚ್ಚಿ ಹಿಡಿದು ಮರಳು ಕಾಗದದಿಂದ ಉಜ್ಜಿ. ಆಗ ಒಂದಕ್ಕೊಂದು ಕೂದಲೆಳೆಯಷ್ಟೂ ವ್ಯತ್ಯಾಸ ಬರುವುದಿಲ್ಲ. ರೆಕ್ಕೆಗಳ ನಡುವಿನ ಕಂಬಗಳಿಗೆ ಬಾಲ್ಸಾ ಬೇಡ, ಪ್ಲೈವುಡ್ ಬಳಸಿ.

ನಿಜವಾದ ತಾಳ್ಮೆ ಬೇಕಾಗುವುದು ಜೋಡಣೆಯಲ್ಲಿ. ಒಡಲನ್ನು ಮೇಜಿನ ಮೇಲೆ ಮಟ್ಟವಾಗಿ ಕೂರಿಸಿ, ಎಡಬಲ ರೆಕ್ಕೆಗಳ ಕೋನವನ್ನು ಬುಡದಲ್ಲೂ ತುದಿಯಲ್ಲೂ ಅಳೆಯಿರಿ. ರೆಕ್ಕೆಯ ತುದಿಯಿಂದ ಬಾಲದ ನಡುಗೆರೆಗೆ ದಾರ ಎಳೆದು ಎರಡೂ ಬದಿಯ ದೂರ ಹೋಲಿಸಿ. ಕಂಬಗಳಿಗೆ ಅಂಟು ಹಾಕುವುದು ಆಮೇಲೆ! ತಿರುಚಿದ ರೆಕ್ಕೆಯನ್ನು ಯಾವ ಟ್ರಿಮ್ಮೂ (ರೇಡಿಯೋದಿಂದ ಮಾಡುವ ಸಣ್ಣ ತಿದ್ದುಪಡಿ) ಪೂರ್ತಿ ಸರಿಪಡಿಸದು.

ಮೂತಿ ಗಿಡ್ಡ, ಬಾಲ ಉದ್ದ. ಆದ್ದರಿಂದ ಬಾಲ್ಸಾ ಹಾಳೆಗಳನ್ನು ತೂಗಿ, ಅತಿ ಹಗುರವಾದದ್ದನ್ನು ಬಾಲಕ್ಕೆ ಮೀಸಲಿಡಿ, ಬ್ಯಾಟರಿ ಮುಂದಕ್ಕಿರಲಿ. ನಕ್ಷೆ ತೋರಿಸಿದ ಗುರುತ್ವ ಕೇಂದ್ರಕ್ಕಿಂತ ಹಿಂದೆ ಭಾರ ಬಿದ್ದರೆ ಹಾರಿಸಲೇಬೇಡಿ. ಗಾಳಿಯಲ್ಲಿ ತಿರುಗಿಸುವಾಗ ಐಲರಾನ್ ಜೊತೆ ರಡ್ಡರನ್ನೂ (ಬಾಲದ ನೆಟ್ಟನೆಯ ಚಲಿಸುವ ಫಲಕ) ಕೊಡಿ.