ಎರೆಮಣ್ಣಿನಲ್ಲಿ ಉರುಕ್ ಪಾಠ

"ಸರ್, ನಮ್ಮೂರಾಗೂ ಕಾಲುವಿ ಐತಿ, ನೆಲ್ಲು ಬೆಳೀತೀವಿ. ಮತ್ಯಾಕ ನಮ್ಮೂರು ಪ್ಯಾಟಿ ಆಗಿಲ್ಲ?"

ಎಂಟನೇ ತರಗತಿಗೆ ಮೆಸೊಪೊಟೇಮಿಯಾ, ಅಂದರೆ ಈಗಿನ ಇರಾಕಿನ ಕಡೆಯ ಹಳೆಯ ನಾಗರಿಕತೆಯ ಪಾಠ ನಡೆದಿತ್ತು. ನದಿ, ಫಲವತ್ತಾದ ಮಣ್ಣು, ಹೆಚ್ಚುವರಿ ಧಾನ್ಯ, ನಗರ ಅಂತ ಬಾಣದ ಗುರುತು ಹಾಕಿ ಬೋರ್ಡಿನ ಮೇಲೆ ಬರೆದಿದ್ದೆ. ಹನ್ನೆರಡು ವರ್ಷದಿಂದ ಅದೇ ಬಾಣ. ಹುಡುಗನ ಪ್ರಶ್ನೆಗೆ ಏನೋ ಹೇಳಿ ಗಂಟೆ ಹೊಡೆಯುವವರೆಗೆ ಕಾಲ ತಳ್ಳಿದೆ. ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ.

ನಮ್ಮದು ಸಿಂಧನೂರು ಸೀಮೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ವಿತರಣಾ ನಾಲೆಯ ಮೇಲ್ಭಾಗದ ಊರಿನ ಮಕ್ಕಳೂ ನಮ್ಮ ಶಾಲೆಗೆ ಬರುತ್ತಾರೆ, ಕೊನೆ ಭಾಗದವರೂ ಬರುತ್ತಾರೆ. ಇಷ್ಟು ಇದ್ದೂ ನಾನು ಪುಸ್ತಕದಿಂದ ನೀರಾವರಿ ಕಲಿಸುತ್ತಿದ್ದೆನಲ್ಲ ಅಂತ ನಾಚಿಕೆಯಾಯಿತು.

ಮುಂದಿನ ಶನಿವಾರ ಶಾಲೆಯ ಹಿಂದೆ, ನೀರಿನ ಟಾಕಿಯ ಪಕ್ಕ, ಇಪ್ಪತ್ತು ಅಡಿ ಉದ್ದದ ಕಾಲುವೆ ತೋಡಿಸಿದೆ. ಆರು ತೂಬು, ಆರು ಗುಂಪು, ಆರು ಮಡಿ. ಅದಕ್ಕೆ ಮೊದಲು ಒಂದು ಮಾತು ಹೇಳಿದ್ದೆ: ನೈಲ್ ಒಳ್ಳೆಯ ನದಿ. ಬೇಸಿಗೆ ಕೊನೆಗೆ ಏರಿ, ಬಿತ್ತುವ ಹೊತ್ತಿಗೆ ಇಳಿದು ಹಸಿ ಮಣ್ಣು ಬಿಟ್ಟುಹೋಗುತ್ತದೆ. ಮೆಸೊಪೊಟೇಮಿಯಾದ ಟೈಗ್ರಿಸ್, ಯೂಫ್ರೆಟಿಸ್ ಹಾಗಲ್ಲ. ಅವು ಉಕ್ಕುವುದು ಏಪ್ರಿಲ್, ಮೇನಲ್ಲಿ, ಬಾರ್ಲಿ ಕೊಯ್ಲಿಗೆ ನಿಂತಾಗ. ಬೇಕಾದಾಗ ನೀರಿಲ್ಲ, ಬೇಡವಾದಾಗ ಪ್ರವಾಹ. ಆ ನಾಡಿನ ದಕ್ಷಿಣದಲ್ಲಿ ವರ್ಷದ ಮಳೆ 200 ಮಿಲಿಮೀಟರ್ ಕೂಡ ಇಲ್ಲ, ನಮ್ಮ ಬರಗಾಲದಲ್ಲೂ ಅದಕ್ಕಿಂತ ಹೆಚ್ಚು ಬೀಳುತ್ತದೆ. ಅಂದರೆ ನದಿ ಏನನ್ನೂ ಪುಕ್ಕಟೆ ಕೊಡಲಿಲ್ಲ. ಒಡ್ಡು ಹಾಕಬೇಕಿತ್ತು, ಕಾಲುವೆ ತೋಡಬೇಕಿತ್ತು, ವರ್ಷ ವರ್ಷ ಹೂಳು ತೆಗೆಯಬೇಕಿತ್ತು.

ನೀರು ಬಿಟ್ಟ ಹತ್ತು ನಿಮಿಷಕ್ಕೆ ಜಗಳ. ಮೊದಲ ಎರಡು ಗುಂಪು ತೂಬು ಮುಚ್ಚಲೇ ಇಲ್ಲ. ಆರನೆಯ ಮಡಿಗೆ ಅಂಗೈಯಷ್ಟು ಕೆಸರು ತಲುಪಿತು. ಅಲ್ಲಿದ್ದವರು ಕೊನೆ ಭಾಗದ ಊರಿನ ಹುಡುಗರೇ. ಮೇಲೆ ಹೋಗಿ ಒಡ್ಡು ಒಡೆದರು, ಯಾರೂ ಹೇಳಿಕೊಡಬೇಕಾಗಲಿಲ್ಲ. ಆಗ ಅವರನ್ನು ಕೂರಿಸಿ ಕ್ರಿ.ಪೂ. 2450ರ ಸುಮಾರಿನ ಕತೆ ಹೇಳಿದೆ: ಮೆಸೊಪೊಟೇಮಿಯಾದ ಎರಡು ನಗರ, ಮೇಲ್ಭಾಗದ ಉಮ್ಮಾ, ಕೆಳಭಾಗದ ಲಗಾಶ್, ಗಡಿಯ ಹೊಲಕ್ಕೂ ಕಾಲುವೆಗೂ ತಲೆಮಾರುಗಟ್ಟಲೆ ನಡೆದ ಕಾಳಗ. ಲಗಾಶದ ದೊರೆ ಎಅನ್ನತುಮ್ ಗೆದ್ದು ನಿಲ್ಲಿಸಿದ ಕಲ್ಲು ಈಗ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ರಣಹದ್ದುಗಳು ಸತ್ತವರ ತಲೆ ಕಚ್ಚಿಕೊಂಡು ಹಾರುತ್ತಿವೆ. "ಅವರಿಗೂ ಗ್ಯಾಂಗ್‌ಮನ್ ಇದ್ನೇನ್ರಿ?" ಅಂದ ಒಬ್ಬ. ಒಳ್ಳೆಯ ಪ್ರಶ್ನೆ. ತೂಬಿನ ಮೇಲೆ ಕಣ್ಣಿಡುವವನು ಹೊಲ ಉಳುವುದಿಲ್ಲ, ಅವನ ಹೊಟ್ಟೆಗೆ ಉಳಿದವರು ಹಾಕಬೇಕು. ನಾನು ಬಾಣ ಹಾಕಿ ಹಾರಿಸಿಬಿಟ್ಟಿದ್ದ ಜಾಗ ಇದೇ.

ಅಲ್ಲಿನ ಹೊಲಗಳ ಸವಳಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನೀರು ನಿಂತು ಬೆಳ್ಳಗಾದ ಹೊಲ ಎಲ್ಲರೂ ಕಂಡಿದ್ದಾರೆ. ಉಪ್ಪನ್ನು ಗೋಧಿಗಿಂತ ಬಾರ್ಲಿ ಚೆನ್ನಾಗಿ ತಡೆಯುತ್ತದೆ ಅಂದದ್ದೇ ಅವರಿಗೆ ಸಾಕಾಯಿತು.

ಎರಡನೇ ವಾರ ಲೆಕ್ಕದ ಪಾಠ. ಎರೆಮಣ್ಣಿನಲ್ಲಿ ಸಣ್ಣ ಗೋಲಿ, ಬಿಲ್ಲೆ, ಗೋಪುರದಂಥ ತುಂಡು ಮಾಡಿಸಿದೆ: ಬಿಲ್ಲೆ ಅಂದರೆ ಕುರಿ, ಗೋಪುರ ಅಂದರೆ ಸಣ್ಣ ಅಳತೆ ಧಾನ್ಯ. ಪಶ್ಚಿಮ ಏಷ್ಯಾದಲ್ಲಿ ಇಂಥವು ಕ್ರಿ.ಪೂ. 8000ದ ಹೊತ್ತಿಗೇ ಇದ್ದವು. ಅವನ್ನು ಟೊಳ್ಳು ಮಣ್ಣುಂಡೆಯೊಳಗೆ ಹಾಕಿ, ಮುಚ್ಚಿ ಮುದ್ರೆ ಒತ್ತುವುದು ಸಾವಿರಾರು ವರ್ಷ ಆಮೇಲಿನ ಉಪಾಯ. ನಮ್ಮ ಉಂಡೆಗಳು ಒಂದೇ ದಿನದಲ್ಲಿ ಸೀಳಿಬಿಟ್ಟವು. ಎರೆ ಒಣಗಿದರೆ ಬಿರಿಯುತ್ತದೆ ಅನ್ನುವುದು ಇಡೀ ಊರಿಗೆ ಗೊತ್ತು, ಮೇಷ್ಟ್ರಿಗೆ ಗೊತ್ತಿರಲಿಲ್ಲ. ಕುಂಬಾರರ ಮನೆಯಿಂದ ಮಣ್ಣು ತಂದು, ಸಣ್ಣ ಹೊಟ್ಟು ಬೆರೆಸಿ, ನೆರಳಲ್ಲಿ ಒಣಗಿಸಿದ ಮೇಲೆ ನಿಂತವು.

ಒಳಗೆ ಎಷ್ಟಿದೆ ಅಂತ ತಕರಾರು ಬಂದರೆ ಉಂಡೆ ಒಡೆಯಬೇಕು. ಒಡೆದರೆ ಮುದ್ರೆ ಹೋಯಿತು. ಒಬ್ಬ ಹುಡುಗಿಗೆ ತಾನಾಗಿಯೇ ಪರಿಹಾರ ಹೊಳೆಯಿತು ಅಂತ ಬರೆದರೆ ಕತೆ ಚೆನ್ನಾಗಿರುತ್ತಿತ್ತು. ಸುಳಿವು ಕೊಟ್ಟದ್ದು ನಾನೇ. ಮುಚ್ಚುವ ಮೊದಲು ಗೋಲಿಗಳನ್ನು ಹಸಿ ಮೈಮೇಲೆ ಒತ್ತಿದಳು. ಆಮೇಲಿನ ಮಾತು ಮಾತ್ರ ಅವಳದೇ: "ಹೊರಗ ಗುರ್ತು ಬಿದ್ದ ಮ್ಯಾಲ ಒಳಗ ಯಾಕ ಇಡ್ಬೇಕ್ರಿ?" ಉಂಡೆಯನ್ನು ಚಪ್ಪಟೆ ಮಾಡಿದರೆ ಅದೇ ಬರೆಯುವ ಮಣ್ಣಿನ ಹಲಗೆ. ಕ್ರಿ.ಪೂ. 3300ರ ಆಸುಪಾಸು ದಕ್ಷಿಣ ಮೆಸೊಪೊಟೇಮಿಯಾದ ಉರುಕ್ ನಗರದಲ್ಲಿ ಹುಟ್ಟಿದ ಬರಹ ಹೆಚ್ಚುಕಡಿಮೆ ಇದು. ಅಲ್ಲಿ ಸಿಕ್ಕಿದ ಹಳೆಯ ಹಲಗೆಗಳಲ್ಲಿ ಬಹುಪಾಲು ಕಾವ್ಯವಲ್ಲ, ಪ್ರಾರ್ಥನೆಯೂ ಅಲ್ಲ, ಬಾರ್ಲಿ, ಕುರಿ, ಬಿಯರ್, ಕೂಲಿಯ ಲೆಕ್ಕ. ಒಂದರಲ್ಲಿ 29,086 ಅಳತೆ ಬಾರ್ಲಿ, 37 ತಿಂಗಳು, ಕೆಳಗೆ ಕುಶಿಮ್ ಅಂತ ಇದೆ. ಅದು ಮನುಷ್ಯನ ಹೆಸರೋ ಹುದ್ದೆಯೋ, ಪಂಡಿತರಲ್ಲೇ ಒಮ್ಮತವಿಲ್ಲ. ತಿನ್ನು ಅನ್ನುವುದಕ್ಕೆ ಬರೆದ ಚಿಹ್ನೆ ಒಂದು ತಲೆ, ಪಕ್ಕದಲ್ಲಿ ಬಟ್ಟಲು. ಅಂಥ ಒರಟು, ಓರೆ ಅಂಚಿನ ಬಟ್ಟಲುಗಳು ಉತ್ಖನನದಲ್ಲಿ ರಾಶಿರಾಶಿಯಾಗಿ ಸಿಕ್ಕಿವೆ. ಕೂಲಿಗೆ ಅಳೆದು ಕೊಡುತ್ತಿದ್ದ ಬಟ್ಟಲು ಅಂತ ಬಹಳ ಜನ ಹೇಳುತ್ತಾರೆ, ನನಗೂ ಹಾಗೇ ಅನಿಸುತ್ತದೆ.

ಆಟದಲ್ಲಿ ನಾನು ಯೋಚಿಸದ ಒಂದು ಸಂಗತಿ ನಡೆಯಿತು. ಹಲಗೆ ಹಿಡಿದ ಇಬ್ಬರು ಮೂರನೇ ಶನಿವಾರದ ಹೊತ್ತಿಗೆ ಬೇವಿನ ನೆರಳಿಗೆ ಸರಿದಿದ್ದರು. ಉಳಿದವರು ಬಿಸಿಲಲ್ಲಿ ಹೂಳು ಎತ್ತುತ್ತಿದ್ದರು. ಯಾರೂ ಅವರನ್ನು ನೇಮಿಸಿರಲಿಲ್ಲ. "ಅವರತ್ರ ಲೆಕ್ಕ ಐತ್ರಿ" ಅಂದರು ಉಳಿದವರು, ಅದೇ ಕಾರಣ ಅನ್ನುವ ಹಾಗೆ.

ಹುಡುಗನಿಗೆ ಉತ್ತರ ಕೊಡುವುದು ಬಾಕಿ ಇತ್ತು. "ನಿಮ್ಮ ನೆಲ್ಲು ಎಲ್ಲಿಗೆ ಹೋಗ್ತದ? ಲೆಕ್ಕ ಯಾರ ಹತ್ತಿರ ಇರ್ತದ? ಮನೇಲಿ ಕೇಳ್ಕೊಂಡು ಬಾ" ಅಂದೆ. ಸೋಮವಾರ ಬಂದ. ಜೇಬಿನಿಂದ ನಾಲ್ಕು ಮಡಿಕೆಯ ಗುಲಾಬಿ ಬಣ್ಣದ ಚೀಟಿ ತೆಗೆದ, ಪೇಟೆಯ ದಲಾಲಿ ಅಂಗಡಿಯದು. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ, ಮುಂಗಡ ಸಾಲ, ಕಳೆದು ಉಳಿದದ್ದು, ಕೆಳಗೆ ಅಪ್ಪನ ಹೆಬ್ಬೆಟ್ಟು. ಕಿಟಕಿಯಲ್ಲಿ ಒಣಗುತ್ತಿದ್ದ ಹಲಗೆಯ ಪಕ್ಕ ಅದನ್ನು ಹರಡಿ, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹೋಲಿಸುತ್ತ ನಿಂತ.